ಕಥೆಗಳಲ್ಲಿ ಬಾಲಯೋಧ



ಬಾಲಯೋಧನೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣೆದುರು ನಿಲ್ಲುವ ಮೂರ್ತಿ ಅಭಿಮನ್ಯುವಿನದು. ಹದಿನಾರರ ಹರೆಯದ ಆ ಕುಮಾರನು ಚಕ್ರವ್ಯೂಹವನ್ನು ಹೊಕ್ಕು ಹೊರಬರಲಾರದೆ ಹೋದ ಕಥೆಯನ್ನು ಗಮಕಿಗಳ ಬಾಯಿಂದಲೋ ಬಯಲಾಟದ ರಂಗದಿಂದಲೋ ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಆ ಕಥೆಯಲ್ಲಿ ಗಮನಿಸಬೇಕಾದ ಒಂದು ಅಂಶವುಂಟು. ಕವಿಯು ಕುಮಾರನ ಪರಾಕ್ರಮವನ್ನು ಹೊಗಳಿ ಅಲ್ಲಿಗೇ ಮಂಗಳ ಹಾಡುವುದಿಲ್ಲ. ಸುಭದ್ರೆಯ ಗೋಳನ್ನೂ ಉತ್ತರೆಯ ಗೋಳನ್ನೂ ಕೇಳಿಸುತ್ತಾನೆ. ಸಂಜೆ ಪಾಳೆಯಕ್ಕೆ ಮರಳಿದ ತಂದೆಯನ್ನು ಮಗನಿಲ್ಲದ ಮೌನದ ಮುಂದೆ ನಿಲ್ಲಿಸುತ್ತಾನೆ. ಹಸುಳೆಯನ್ನು ಯುದ್ಧಕ್ಕೆ ಕಳುಹಿದ ಹಿರಿಯರು ತಲೆತಗ್ಗಿಸುವಂತೆ ಮಾಡುತ್ತಾನೆ.

ಹದಿಹರೆಯದವರಿಗೆಂದೇ ಅಚ್ಚಾದ ಕಾದಂಬರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹೇರಳವಾಗಿ ಹೊರಬಂದಾಗ ಅವುಗಳ ಪುಟಗಳಿಂದ ಈ ಗೋಳು ಮರೆಯಾಯಿತು. ಅದು ಹೇಗೆ ಮರೆಯಾಯಿತು, ಅದರಿಂದ ಏನು ಸಂಭವಿಸಿತು, ಮತ್ತೆ ಅದು ಹೇಗೆ ಹಿಂದಿರುಗಿತು ಎಂಬುದನ್ನು ತಮ್ಮೊಡನೆ ವಿಚಾರಿಸುವುದೇ ಈ ಲೇಖನದ ಉದ್ದೇಶ. ಈ ವಿಚಾರವು ಕೇವಲ ಪರದೇಶದ ಪುಸ್ತಕಗಳ ಗೊಡವೆಯೆಂದು ತಾವು ಭಾವಿಸಬೇಕಾಗಿಲ್ಲ. ಅದರ ಒಂದು ಮುಖ್ಯ ಅಧ್ಯಾಯವು ನಡೆಯುವುದು ನಮ್ಮ ಶ್ರೀರಂಗಪಟ್ಟಣದಲ್ಲಿಯೇ.

ಹೆಂಟಿಯ ಕಥಾನಾಯಕರು

ಜಾರ್ಜ್ ಆಲ್ಫ್ರೆಡ್ ಹೆಂಟಿ ಎಂಬಾತನು 1832ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಸಮೀಪದಲ್ಲಿ ಜನಿಸಿದನು. ಬಾಲ್ಯದಲ್ಲಿ ಬಹುಕಾಲ ರೋಗಪೀಡಿತನಾಗಿ ಹಾಸಿಗೆ ಹಿಡಿದಿದ್ದವನು. ಕ್ರೈಮಿಯಾ ಯುದ್ಧದ ಕಾಲದಲ್ಲಿ ಸೈನ್ಯದ ಆಸ್ಪತ್ರೆಗಳಿಗೆ ಸಾಮಗ್ರಿ ಒದಗಿಸುವ ವಿಭಾಗದಲ್ಲಿ ಕೆಲಸ ಮಾಡಿದನು. ಅನಂತರ ಪತ್ರಿಕೆಯೊಂದರ ಯುದ್ಧ ಬಾತ್ಮೀದಾರನಾಗಿ ಇಟಲಿ, ಅಬಿಸೀನಿಯಾ, ಪಶ್ಚಿಮ ಆಫ್ರಿಕಾಗಳ ರಣರಂಗಗಳನ್ನು ಕಣ್ಣಾರೆ ಕಂಡನು. 1875ರಲ್ಲಿ ವೇಲ್ಸ್ ರಾಜಕುಮಾರನು ಭಾರತಕ್ಕೆ ಬಂದಾಗ ವರದಿಗಾರನಾಗಿ ಹೆಂಟಿಯೂ ಬಂದಿದ್ದನು. 1902ರಲ್ಲಿ ತೀರಿಕೊಳ್ಳುವ ವೇಳೆಗೆ ಆತನ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಪುಸ್ತಕಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಬಾಲಕರಿಗಾಗಿ ರಚಿತವಾದ ಐತಿಹಾಸಿಕ ಕಾದಂಬರಿಗಳು. ಶಾಲೆಗಳಲ್ಲಿ ಬಹುಮಾನವಾಗಿ ಕೊಡುತ್ತಿದ್ದ ಪುಸ್ತಕಗಳಲ್ಲಿ ಹೆಂಟಿಯವು ಎಲ್ಲೆಡೆ ಕಾಣುತ್ತಿದ್ದವು.

ಆತನ ಕಥೆಗಳ ಎರಕ ಒಂದೇ. ಹದಿನೈದು ಹದಿನಾರು ವರ್ಷದ ಇಂಗ್ಲಿಷ್ ಬಾಲಕನೊಬ್ಬನು ಮನೆಯ ಕಷ್ಟದಿಂದಾಗಿ ದೂರದೇಶಕ್ಕೆ ಹೊರಡುತ್ತಾನೆ. ಅಲ್ಲಿ ಯಾವುದಾದರೊಂದು ಪ್ರಸಿದ್ಧ ಯುದ್ಧ ನಡೆಯುತ್ತಿರುತ್ತದೆ. ಬಾಲಕನು ಅದರೊಳಗೆ ಹೊಕ್ಕು, ದಳಪತಿಗಳ ಮೆಚ್ಚುಗೆಗೆ ಪಾತ್ರನಾಗಿ, ಕೀರ್ತಿ ಸಂಪತ್ತುಗಳೊಡನೆ ಊರಿಗೆ ಮರಳುತ್ತಾನೆ. ಗಾಯವಾದರೂ ಅದು ಮಾಯುವ ಗಾಯವೇ. ಕ್ಲೈವನ ಕಾಲದ ಯುದ್ಧ, 1857ರ ದಂಗೆ, ಮರಾಠರ ಯುದ್ಧ, ಎಲ್ಲವೂ ಈ ಎರಕಕ್ಕೆ ಸಿಕ್ಕಿದವು. 1896ರಲ್ಲಿ ಮೈಸೂರಿನ ಸರದಿ ಬಂದಿತು. ‘ದಿ ಟೈಗರ್ ಆಫ್ ಮೈಸೂರ್’ ಎಂಬ ಆ ಕಾದಂಬರಿಯ ನಾಯಕ ಡಿಕ್ ಹಾಲೆಂಡ್. ಹಡಗು ಒಡೆದು ಟಿಪ್ಪುವಿನ ಸೆರೆಗೆ ಸಿಕ್ಕಿರಬಹುದಾದ ತಂದೆಯನ್ನು ಅರಸುತ್ತ ಅವನು ತಾಯಿಯೊಡನೆ ಭಾರತಕ್ಕೆ ಬರುತ್ತಾನೆ. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಪಕ್ಷದಲ್ಲಿ ನಿಲ್ಲುತ್ತಾನೆ, ವೇಷ ಮರೆಸಿಕೊಂಡು ಶ್ರೀರಂಗಪಟ್ಟಣವನ್ನು ಹೊಗುತ್ತಾನೆ, ಅಂತಃಪುರಕ್ಕೆ ನುಗ್ಗಿದ ಹುಲಿಯೊಂದನ್ನು ಕೊಂದು ಸುಲ್ತಾನನ ವಿಶ್ವಾಸವನ್ನೇ ಗಳಿಸುತ್ತಾನೆ, ಕಡೆಗೆ ತಂದೆಯನ್ನೂ ಕಾಣುತ್ತಾನೆ.

ಕಥೆಯು ಓದುಗನನ್ನು ಕೈಹಿಡಿದು ನಡೆಸುತ್ತದೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯುದ್ಧವನ್ನು ಹತ್ತಿರದಿಂದ ಕಂಡಿದ್ದ, ಆಸ್ಪತ್ರೆಗಳಲ್ಲಿ ನರಳುವವರ ನಡುವೆ ಓಡಾಡಿದ್ದ ಹೆಂಟಿಯು ತಾನು ಬಲ್ಲದ್ದನ್ನು ಬಾಲಕರಿಗೆ ಹೇಳಲಿಲ್ಲ. ಇದನ್ನು ಅರಿಯಬೇಕಾದರೆ ಅದೇ ಮೈಸೂರು ಯುದ್ಧಗಳಲ್ಲಿ ನಿಜವಾದ ಬಾಲಕರಿಗೆ ಏನಾಯಿತೆಂಬುದನ್ನು ನೋಡಬೇಕು.

ನಿಜವಾದ ಬಾಲಕರು

1782ರಲ್ಲಿ ‘ಹ್ಯಾನಿಬಲ್’ ಎಂಬ ಇಂಗ್ಲಿಷ್ ಯುದ್ಧನೌಕೆಯು ಫ್ರೆಂಚರ ವಶವಾಯಿತು. ಅದರಲ್ಲಿದ್ದವರಲ್ಲಿ ಜೇಮ್ಸ್ ಸ್ಕರಿ ಎಂಬ ಬಾಲಕನೊಬ್ಬ. 1766ರಲ್ಲಿ ಹುಟ್ಟಿದವನು, ಡಿಕ್ ಹಾಲೆಂಡನಷ್ಟೇ ವಯಸ್ಸಿನವನು. ಫ್ರೆಂಚ್ ನೌಕಾಧಿಪತಿಯು ಸೆರೆಯಾಳುಗಳನ್ನು ಹೈದರಾಲಿಗೆ ಒಪ್ಪಿಸಿದನು. ಎಳೆಯರನ್ನು ಬೇರೆ ಮಾಡಿ, ಬಲವಂತದಿಂದ ಮತಾಂತರಿಸಿ, ಶ್ರೀರಂಗಪಟ್ಟಣದಲ್ಲಿ ಸುಲ್ತಾನನ ಸೈನ್ಯದ ಕವಾಯತಿಗೆ ಹಚ್ಚಲಾಯಿತು. ಸುಮಾರು ಹತ್ತು ವರ್ಷಗಳ ಮೇಲೆ ಸ್ಕರಿಯು ತಪ್ಪಿಸಿಕೊಂಡು ತನ್ನವರನ್ನು ಸೇರಿದಾಗ ಅವನಿಗೆ ಕುರ್ಚಿಯ ಮೇಲೆ ಕುಳಿತುಕೊಳ್ಳುವುದು ಮರೆತುಹೋಗಿತ್ತು. ಚೂರಿ ಮುಳ್ಳುಚಮಚಗಳ ಬಳಕೆ ತಪ್ಪಿತ್ತು. ತಾಯಿನುಡಿಯಾದ ಇಂಗ್ಲಿಷು ನಾಲಗೆಯ ಮೇಲೆ ತೊಡರುತ್ತಿತ್ತು. ಆತನ ವೃತ್ತಾಂತವು ಅಚ್ಚಾದದ್ದು ಅವನು ಕಾಲವಾದ ಮೇಲೆ, 1824ರಲ್ಲಿ. ಕಾದಂಬರಿಯ ಬಾಲಕನು ಹೋದಂತೆಯೇ ಮರಳಿದನು. ಚರಿತ್ರೆಯ ಬಾಲಕನು ಮರಳಿದಾಗ ಹೋದವನಾಗಿ ಉಳಿದಿರಲಿಲ್ಲ.

ಎದುರು ಪಕ್ಷದಲ್ಲಿಯೂ ಬಾಲಕರಿದ್ದರು. ‘ಮೈಸೂರಿನ ಹುಲಿ’ಯೆಂದು ಹೆಂಟಿ ಕರೆದ ಟಿಪ್ಪುವೇ ಒಂದು ಕಾಲಕ್ಕೆ ಬಾಲಯೋಧನಾಗಿದ್ದನು. 1767ರಲ್ಲಿ ತಂದೆಯ ಅಪ್ಪಣೆಯಂತೆ ಅಶ್ವದಳದೊಡನೆ ಮದರಾಸಿನ ಹೊರವಲಯದವರೆಗೆ ನುಗ್ಗಿದಾಗ ಅವನಿಗೆ ಸುಮಾರು ಹದಿನೇಳು ವರ್ಷ. ಅದೇ ಹರೆಯ, ಅದೇ ಸಾಹಸ. ಆದರೂ ಹೆಂಟಿಯ ಪುಸ್ತಕದಲ್ಲಿ ಒಬ್ಬನು ವೀರ, ಮತ್ತೊಬ್ಬನು ಕ್ರೂರಿ. ಯಾವ ಪಕ್ಷದಲ್ಲಿ ಹುಟ್ಟಿದನೆಂಬುದರ ಮೇಲೆಯೇ ಬಾಲಕನ ಪರಾಕ್ರಮದ ಬೆಲೆ ನಿಂತಿತ್ತು.

ಇನ್ನು ಮೂರನೆಯ ಚಿತ್ರ. 1792ರ ಫೆಬ್ರವರಿಯಲ್ಲಿ ಸೋತ ಸುಲ್ತಾನನು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಬೇಕಾಯಿತು. ಕರಾರು ನೆರವೇರುವವರೆಗೆ ತನ್ನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು. ಹತ್ತು ವರ್ಷದ ಆಸುಪಾಸಿನ ಆ ಎಳೆಯರನ್ನು ಕಾರ್ನ್‌ವಾಲಿಸನು ಆದರದಿಂದ ಕೈಹಿಡಿದು ಬರಮಾಡಿಕೊಂಡ ದೃಶ್ಯವನ್ನು, ಸೈನ್ಯದೊಡನೆ ಬಂದಿದ್ದ ರಾಬರ್ಟ್ ಹೋಮ್ ಮೊದಲಾದ ಚಿತ್ರಕಾರರು ವೈಭವದಿಂದ ಬರೆದರು. ವಿಜಯಿಗಳ ಕರುಣೆಯ ಚಿತ್ರಗಳೆಂದು ಅವು ಹೆಸರಾದವು. ಆ ಮಕ್ಕಳು ಹಿಂದಿರುಗಿದ್ದು 1794ರಲ್ಲಿ. ಎರಡು ವರ್ಷ ಕೋಟೆಯೊಳಗೆ ಆ ಮಕ್ಕಳ ದಾರಿ ಕಾದವರನ್ನು ಚಿತ್ರಿಸಲು ಯಾವ ಕುಂಚವೂ ಮುಂದಾಗಲಿಲ್ಲ.

ಕಥೆ ಕೇಳಿ ಬೆಳೆದ ಪೀಳಿಗೆ

ಕಥೆಯೆಂಬುದು ಕೇವಲ ಹೊತ್ತು ಕಳೆಯುವ ಸಾಧನವಲ್ಲ; ಅದು ಎಳೆಯ ಮನಸ್ಸಿನಲ್ಲಿ ಬಿದ್ದ ಬೀಜ. ಹೆಂಟಿಯನ್ನೂ ಅವನಂಥವರನ್ನೂ ಓದಿ ಬೆಳೆದ ಬಾಲಕರು ಹರೆಯಕ್ಕೆ ಬರುವ ಹೊತ್ತಿಗೆ 1914ರ ಮಹಾಯುದ್ಧ ಬಂದಿತು. ಬ್ರಿಟಿಷ್ ಸೈನ್ಯದ ನಿಯಮದಂತೆ ಸೇರಲು 18 ವರ್ಷ, ಸಮುದ್ರದಾಚೆ ಕಾದಲು 19 ವರ್ಷ ತುಂಬಿರಬೇಕಿತ್ತು. ಆದರೂ ವಯಸ್ಸನ್ನು ಸುಳ್ಳು ಹೇಳಿ ಸೇರಿದ ಎಳೆಯರ ಸಂಖ್ಯೆ ಸುಮಾರು 2,50,000 ಎಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಬಡತನವೂ ಕಾರಣ, ಗೆಳೆಯರ ಒತ್ತಾಯವೂ ಕಾರಣ. ಆದರೆ ಯುದ್ಧವೆಂದರೆ ಮೂರು ನೂರು ಪುಟಗಳ ಕೊನೆಗೆ ಮನೆಗೆ ಮರಳುವ ಪ್ರವಾಸವೆಂಬ ನಂಬಿಕೆಯನ್ನು ಪುಸ್ತಕಗಳು ಮೊದಲೇ ಹದಮಾಡಿ ಇರಿಸಿದ್ದವು.

ಆ ಯುದ್ಧದಲ್ಲಿ ಜಾಕ್ ಕಾರ್ನ್‌ವೆಲ್ ಎಂಬ ಹದಿನಾರು ವರ್ಷದ ಹುಡುಗನು ‘ಚೆಸ್ಟರ್’ ಎಂಬ ನೌಕೆಯಲ್ಲಿದ್ದನು. 1916ರ ಮೇ 31ರಂದು ಜಟ್ಲೆಂಡಿನ ಕದನದಲ್ಲಿ ಅವನ ಫಿರಂಗಿಯ ಸುತ್ತಲಿದ್ದವರೆಲ್ಲ ಸತ್ತರು ಅಥವಾ ಗಾಯಗೊಂಡರು. ಮರಣಾಂತಿಕವಾಗಿ ಗಾಯಗೊಂಡ ಹುಡುಗನು ಅಪ್ಪಣೆಗಾಗಿ ಕಾಯುತ್ತ ಫಿರಂಗಿಯ ಬಳಿಯಲ್ಲಿಯೇ ನಿಂತಿದ್ದನು. ಜೂನ್ 2ರಂದು ಅಸುನೀಗಿದನು. ಮೊದಲು ಅವನನ್ನು ಬಡವರ ಸಾಮಾನ್ಯ ಗೋರಿಯಲ್ಲಿ ಹೂಳಲಾಯಿತು. ಅವನ ಕೀರ್ತಿ ಹಬ್ಬಿದ ಮೇಲೆ ದೇಹವನ್ನು ಹೊರತೆಗೆದು ಮೆರವಣಿಗೆಯೊಡನೆ ಮರಳಿ ಸಂಸ್ಕಾರ ಮಾಡಿದರು. ವಿಕ್ಟೋರಿಯಾ ಕ್ರಾಸ್ ಪದಕವಿತ್ತರು. ಶಾಲೆಶಾಲೆಗಳಲ್ಲಿ ಅವನ ಹೆಸರಿನಲ್ಲಿ ನಿಧಿ ಸಂಗ್ರಹವಾಯಿತು. ಬಾಲವೀರರ ಪುಸ್ತಕಗಳಲ್ಲಿ ಅವನ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಅವನ ತಂದೆ ಅದೇ ವರ್ಷ ತೀರಿಕೊಂಡನು. ತಾಯಿಯು 1919ರಲ್ಲಿ ಬಡತನದಲ್ಲಿಯೇ ಕಣ್ಣುಮುಚ್ಚಿದಳು. ಮಗನನ್ನು ಕೊಂಡಾಡಿದ ನಾಡು ತಾಯಿಯನ್ನು ಮರೆತಿತ್ತು. ಸುಭದ್ರೆಯನ್ನು ಬಿಟ್ಟು ಅಭಿಮನ್ಯುವಿನ ಕಥೆ ಹೇಳಿದರೆ ಆಗುವ ಅನ್ಯಾಯ ಇದೇ ಅಲ್ಲವೇ?

ಗೋಳು ಮರಳಿ ಬಂದುದು

ಈ ಮೌನವನ್ನು ಮುರಿದವರು ಸ್ವತಃ ಕಾದಿ ಬಂದ ಎಳೆಯರೇ. ಜರ್ಮನಿಯ ಎರಿಕ್ ಮರಿಯ ರೆಮಾರ್ಕನು ಹದಿನೆಂಟು ವರ್ಷದವನಾಗಿದ್ದಾಗ ಸೈನ್ಯಕ್ಕೆ ಕರೆಯಲ್ಪಟ್ಟು 1917ರಲ್ಲಿ ಗಾಯಗೊಂಡವನು. 1929ರಲ್ಲಿ ಪುಸ್ತಕರೂಪದಲ್ಲಿ ಹೊರಬಂದ ಅವನ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂಬ ಕಾದಂಬರಿಯು ಬಾಲಕರಿಗೆಂದು ಬರೆದುದಲ್ಲವಾದರೂ ಮುಂದೆ ಅನೇಕ ದೇಶಗಳ ಶಾಲೆಗಳಲ್ಲಿ ಪಾಠವಾಯಿತು. ಅದರಲ್ಲಿ ಒಂದೇ ತರಗತಿಯ ಹುಡುಗರು ಉಪಾಧ್ಯಾಯನೊಬ್ಬನ ಭಾಷಣಕ್ಕೆ ಮರುಳಾಗಿ ಸೈನ್ಯ ಸೇರುತ್ತಾರೆ, ಒಬ್ಬೊಬ್ಬರಾಗಿ ಅಳಿಯುತ್ತಾರೆ. ಗುಂಡಿಯೊಂದರಲ್ಲಿ ತಾನು ಇರಿದ ಫ್ರೆಂಚ್ ಸೈನಿಕನು ಸಾಯುವುದನ್ನು ನಾಯಕನು ಹತ್ತಿರದಲ್ಲೇ ಕುಳಿತು ನೋಡಬೇಕಾಗುತ್ತದೆ. ಸತ್ತವನ ಕಿಸೆಯಲ್ಲಿ ಹೆಂಡತಿ ಮಗಳ ಭಾವಚಿತ್ರ ದೊರೆಯುತ್ತದೆ. ವೈರಿಯೂ ಮನೆಯುಳ್ಳವನೆಂಬ ಅರಿವು ಆ ಕ್ಷಣದಲ್ಲಿ ನಾಯಕನಿಗೂ ಓದುಗನಿಗೂ ಒಟ್ಟಿಗೇ ಆಗುತ್ತದೆ. 1933ರಲ್ಲಿ ನಾತ್ಸಿಗಳು ಈ ಪುಸ್ತಕವನ್ನು ಬೀದಿಯಲ್ಲಿ ಸುಟ್ಟರು. ಬಾಲಕರನ್ನು ಮತ್ತೊಂದು ಯುದ್ಧಕ್ಕೆ ಸಿದ್ಧಗೊಳಿಸುವವರಿಗೆ ಇಂಥ ಪುಸ್ತಕ ಸಹ್ಯವಾಗುವುದು ಹೇಗೆ?

ಎರಡನೆಯ ಮಹಾಯುದ್ಧವು ಮತ್ತೊಂದು ಬಗೆಯ ಬಾಲಯೋಧರನ್ನು ಸೃಷ್ಟಿಸಿತು. ಜರ್ಮನರು ಆಕ್ರಮಿಸಿದ್ದ ಉಕ್ರೇನಿನ ಕ್ರಾಸ್ನೊದೊನ್ ಎಂಬ ಗಣಿಯೂರಿನಲ್ಲಿ ಶಾಲಾಬಾಲಕ ಬಾಲಕಿಯರು ಗುಪ್ತದಳವೊಂದನ್ನು ಕಟ್ಟಿಕೊಂಡರು. 1943ರ ಜನವರಿಯಲ್ಲಿ ಅವರಲ್ಲಿ ಬಹುಮಂದಿಯನ್ನು ಹಿಂಸಿಸಿ ಗಣಿಯ ಬಾವಿಗೆ ಎಸೆಯಲಾಯಿತು. ಇವರ ಬಲಿದಾನ ಸತ್ಯವಾದುದು. ಇದನ್ನು ನೆನೆಯುವಾಗ ತಲೆಬಾಗದಿರುವುದು ಸಾಧ್ಯವಿಲ್ಲ. ಅಲೆಕ್ಸಾಂಡರ್ ಫದೇಯೆವ್ ಈ ವಸ್ತುವಿನಿಂದ ‘ಯಂಗ್ ಗಾರ್ಡ್’ ಎಂಬ ಕಾದಂಬರಿಯನ್ನು ಬರೆದು 1946ರಲ್ಲಿ ಸ್ಟಾಲಿನ್ ಪ್ರಶಸ್ತಿ ಪಡೆದನು. ಆದರೆ ಮಕ್ಕಳು ತಾವಾಗಿಯೇ ಹೋರಾಡಿದರೆಂದರೆ ಪಕ್ಷದ ಹಿರಿಯರ ಪಾತ್ರವೆಲ್ಲಿ ಎಂಬ ಆಕ್ಷೇಪಣೆ ಬಂದುದರಿಂದ ಆತನು 1951ರಲ್ಲಿ ಪುಸ್ತಕವನ್ನು ತಿದ್ದಿ ಬರೆಯಬೇಕಾಯಿತು. ಇನ್ನೂ ದುಃಖದ ಸಂಗತಿಯೊಂದುಂಟು. ಕಾದಂಬರಿಯಲ್ಲಿನ ದ್ರೋಹಿಯ ಪಾತ್ರದಲ್ಲಿ ಜನರು ದಳದ ಮುಂದಾಳುಗಳಲ್ಲಿ ಒಬ್ಬನಾಗಿದ್ದ ವಿಕ್ಟರ್ ತ್ರೆತ್ಯಾಕೆವಿಚ್ ಎಂಬ ತರುಣನನ್ನು ಗುರುತಿಸಿದರು. ಅವನೂ ಅದೇ ಬಾವಿಯಲ್ಲಿ ಪ್ರಾಣ ತೆತ್ತವನು. ಅವನ ಮೇಲಿನ ಕಳಂಕವನ್ನು ಸರ್ಕಾರವು ತೊಡೆದದ್ದು 1959ರಲ್ಲಿ. ಅಷ್ಟು ಕಾಲ ಆ ಮನೆಯವರು ಮಗನನ್ನು ಕಳೆದುಕೊಂಡ ನೋವಿನೊಡನೆ ದ್ರೋಹಿಯ ಹೆತ್ತವರೆಂಬ ನಿಂದೆಯನ್ನೂ ಹೊರಬೇಕಾಯಿತು. ಬಾಲಕರ ರಕ್ತದಿಂದ ಕಥೆ ಬರೆಯುವವನು ಎಷ್ಟು ಎಚ್ಚರದಿಂದಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹದಿಹರೆಯದವರಿಗೆಂದೇ ಬರೆದ ಸಾಹಿತ್ಯದಲ್ಲಿ ನಿಜವಾದ ತಿರುವು ಕಾಣುವುದು 1970ರ ದಶಕದಲ್ಲಿ. ಅಮೆರಿಕದಲ್ಲಿ ವಿಯೆಟ್ನಾಮ್ ಯುದ್ಧದ ಗಾಯ ಇನ್ನೂ ಹಸಿಯಾಗಿದ್ದ ಕಾಲವದು. 1974ರಲ್ಲಿ ಜೇಮ್ಸ್ ಲಿಂಕನ್ ಕಾಲಿಯರ್, ಕ್ರಿಸ್ಟೋಫರ್ ಕಾಲಿಯರ್ ಎಂಬ ಸಹೋದರರು ‘ಮೈ ಬ್ರದರ್ ಸ್ಯಾಮ್ ಈಸ್ ಡೆಡ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಸಹೋದರರಲ್ಲಿ ಎರಡನೆಯವರು ಇತಿಹಾಸದ ಪ್ರಾಧ್ಯಾಪಕರು. ಅಮೆರಿಕದ ಸ್ವಾತಂತ್ರ್ಯ ಸಮರವು ಆ ದೇಶದ ಮಕ್ಕಳಿಗೆ ಪವಿತ್ರ ಕಥೆ. ಈ ಕಾದಂಬರಿಯಲ್ಲಿಯಾದರೋ ಹದಿನಾರರ ಸ್ಯಾಮ್ ತಂದೆಯ ಮಾತು ಮೀರಿ ಸ್ವಾತಂತ್ರ್ಯದ ಸೈನ್ಯ ಸೇರುತ್ತಾನೆ. ತಂದೆಯು ಅರಸನಿಗೆ ನಿಷ್ಠನಾಗಿದ್ದರೂ ಅರಸನ ಕಡೆಯವರ ಸೆರೆಯಲ್ಲಿಯೇ ಸಾಯುತ್ತಾನೆ. ಸ್ಯಾಮ್ ತಾನು ಮಾಡದ ಕಳವಿನ ಆರೋಪದ ಮೇಲೆ ತನ್ನ ಸೈನ್ಯದವರ ಗುಂಡಿಗೇ ಬಲಿಯಾಗುತ್ತಾನೆ. ಕಥೆ ಹೇಳುವವನು ಮನೆಯಲ್ಲುಳಿದ ತಮ್ಮ. ಸ್ವಾತಂತ್ರ್ಯಕ್ಕೆ ಬೇರೆ ದಾರಿಯಿರಲಿಲ್ಲವೇ ಎಂಬ ಪ್ರಶ್ನೆಯನ್ನು ಉತ್ತರಿಸದೆ ಅವನು ನಮ್ಮ ಮುಂದೆ ಇಡುತ್ತಾನೆ. ಈ ಪುಸ್ತಕವನ್ನು ಶಾಲೆಗಳಿಂದ ತೆಗೆಯಬೇಕೆಂದು ಮುಂದೆ ಅನೇಕ ಕಡೆ ಕೂಗೆದ್ದಿತು.

ಮರುವರ್ಷ, 1975ರಲ್ಲಿ, ಇಂಗ್ಲೆಂಡಿನ ರಾಬರ್ಟ್ ವೆಸ್ಟಾಲ್ ‘ದಿ ಮೆಷೀನ್ ಗನ್ನರ್ಸ್’ ಬರೆದು ಕಾರ್ನೆಗಿ ಪದಕ ಪಡೆದರು. ಜರ್ಮನರ ಬಾಂಬುಗಳು ಬೀಳುತ್ತಿದ್ದ ದಿನಗಳಲ್ಲಿ ಮಕ್ಕಳ ಗುಂಪೊಂದು ಉರುಳಿದ ವಿಮಾನದಿಂದ ಮೆಷೀನ್‌ಗನ್ ಕದ್ದು ಗುಟ್ಟಾಗಿ ಕೋಟೆ ಕಟ್ಟುತ್ತದೆ. ಕೈಗೆ ಸಿಕ್ಕಿದ ಜರ್ಮನ್ ಸೈನಿಕನೊಬ್ಬನು ಮೆಲ್ಲಮೆಲ್ಲನೆ ಅವರ ಗೆಳೆಯನಾಗುತ್ತಾನೆ. ಕೊನೆಗೆ ಆ ಮಕ್ಕಳ ಗುಂಡು ತಾಗುವುದು ಅವನಿಗೇ. ಆಟವೆಂದು ಹಿಡಿದ ಆಯುಧವು ಆಟವಾಗಿ ಉಳಿಯಲಾರದೆಂಬ ಸತ್ಯವನ್ನು ಉಪದೇಶದ ಒಂದು ಮಾತೂ ಇಲ್ಲದೆ ವೆಸ್ಟಾಲರು ತಿಳಿಸಿದರು.

ನಮ್ಮ ಕಾಲದ ಒಂದು ಕಥೆ

ಇಂದಿನ ಹರೆಯದವರು ಹೆಂಟಿಯ ಹೆಸರನ್ನು ಕೇಳಿರಲಾರರು. ‘ದಿ ಹಂಗರ್ ಗೇಮ್ಸ್’ ಎಂಬುದನ್ನು ಬಲ್ಲರು. ಸುಜಾನ್ ಕಾಲಿನ್ಸ್ ಎಂಬ ಅಮೆರಿಕದ ಲೇಖಕಿಯು 2008ರಿಂದ 2010ರವರೆಗೆ ಮೂರು ಭಾಗಗಳಲ್ಲಿ ಪ್ರಕಟಿಸಿದ ಕಾದಂಬರಿಯಿದು. ಆಕೆಯ ತಂದೆಯವರು ವಾಯುಸೇನೆಯ ಅಧಿಕಾರಿಯಾಗಿ ವಿಯೆಟ್ನಾಮಿನಲ್ಲಿದ್ದವರು, ಯುದ್ಧದ ಇತಿಹಾಸವನ್ನು ಬೋಧಿಸಿದವರು. ಕಲ್ಪಿತ ರಾಜ್ಯವೊಂದರಲ್ಲಿ ಪ್ರತಿವರ್ಷ 12ರಿಂದ 18 ವರ್ಷದೊಳಗಿನ 24 ಮಕ್ಕಳನ್ನು ಚೀಟಿಯೆತ್ತಿ ಆರಿಸಿ, ಒಬ್ಬರು ಉಳಿಯುವವರೆಗೆ ಪರಸ್ಪರ ಕೊಲ್ಲುವಂತೆ ಬಿಡುತ್ತಾರೆ. ಇಡೀ ನಾಡು ಅದನ್ನು ದೂರದರ್ಶನದಲ್ಲಿ ನೋಡುತ್ತದೆ. ಹದಿನಾರರ ಕಾಟ್ನಿಸ್ ಎಂಬ ಹುಡುಗಿಯು ಹನ್ನೆರಡರ ತಂಗಿಯನ್ನು ಉಳಿಸಲು ತಾನೇ ಮುಂದೆ ಬರುತ್ತಾಳೆ.

ಇಂಥ ಕ್ರೌರ್ಯದ ಕಥೆ ಎಳೆಯರಿಗೇಕೆ ಎಂದು ಹಿರಿಯರು ಕೇಳುವುದು ಸಹಜ. ಆದರೆ ಕೊನೆಯವರೆಗೆ ಓದಿದವರಿಗೆ ಲೇಖಕಿಯ ಅಂತರಂಗ ತಿಳಿಯುತ್ತದೆ. ಆಟದಲ್ಲಿ ಗೆದ್ದ ಹುಡುಗಿಯನ್ನು ಅರಸೊತ್ತಿಗೆಯವರು ಬಳಸಿಕೊಳ್ಳುತ್ತಾರೆ; ದಂಗೆಯೆದ್ದವರೂ ತಮ್ಮ ಪ್ರಚಾರದ ಗೊಂಬೆಯಾಗಿ ಬಳಸಿಕೊಳ್ಳುತ್ತಾರೆ. ಯಾರನ್ನು ಉಳಿಸಲೆಂದು ಎಲ್ಲವೂ ಆರಂಭವಾಯಿತೋ ಆ ತಂಗಿಯೇ ಯುದ್ಧದ ಕೊನೆಯಲ್ಲಿ ಸಾಯುತ್ತಾಳೆ. ನಾಯಕಿಯು ಬದುಕಿ ಉಳಿದರೂ ದುಃಸ್ವಪ್ನಗಳು ಅವಳನ್ನು ಬಿಡುವುದಿಲ್ಲ. ಹೆಂಟಿಯ ನಾಯಕನಿಗೆ ಬಹುಮಾನವಿತ್ತು, ನೆನಪಿನ ಭಾರವಿರಲಿಲ್ಲ. ಕಾಲಿನ್ಸರ ನಾಯಕಿಗೆ ಬಹುಮಾನವೇ ಭಾರ. ನೂರು ವರ್ಷಗಳಲ್ಲಿ ಕಿಶೋರ ಸಾಹಿತ್ಯವು ನಡೆದುಬಂದ ದೂರ ಇಷ್ಟು.

ಹಾಗೆಂದು ಇಲ್ಲಿಗೆ ಎಲ್ಲವೂ ನೇರವಾಯಿತೆನ್ನಲಾಗದು. ಕಥೆ ಪ್ರಬುದ್ಧವಾದ ಮಾತ್ರಕ್ಕೆ ಲೋಕ ಪ್ರಬುದ್ಧವಾಗುವುದಿಲ್ಲ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಯುದ್ಧದಲ್ಲಿ ನೇರ ಭಾಗಿಯಾಗಲು ಕನಿಷ್ಠ ವಯಸ್ಸನ್ನು 15 ಎಂದು ಇಟ್ಟಿತ್ತು. 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಪೂರಕ ಒಪ್ಪಂದವು ಅದನ್ನು 18ಕ್ಕೆ ಏರಿಸಿತು. ಅದು 2002ರ ಫೆಬ್ರವರಿ 12ರಂದು ಜಾರಿಗೆ ಬಂದಿತು; ಭಾರತವು 2005ರಲ್ಲಿ ಅದನ್ನು ಸ್ಥಿರೀಕರಿಸಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು 2012ರಲ್ಲಿ ನೀಡಿದ ತನ್ನ ಮೊಟ್ಟಮೊದಲ ತೀರ್ಪು, ಹದಿನೈದು ತುಂಬದ ಮಕ್ಕಳನ್ನು ಸೈನ್ಯಕ್ಕೆ ಸೇರಿಸಿದ ಕಾಂಗೋ ದೇಶದ ದಂಡಾಳು ಥಾಮಸ್ ಲುಬಾಂಗನನ್ನು ಅಪರಾಧಿಯೆಂದು ಸಾರಿತು. ಇಂಥ ತೀರ್ಪು ಅಗತ್ಯವಾಯಿತೆಂಬುದೇ ಎಳೆಯರ ಕೈಗೆ ಕೋವಿ ಕೊಡುವವರು ನಮ್ಮ ಕಾಲದಲ್ಲಿಯೂ ಇದ್ದಾರೆಂಬುದಕ್ಕೆ ಸಾಕ್ಷಿ.

ಹಿರಿಯರ ಹೊಣೆ

ವಾಚಕರೇ, ತಮ್ಮಲ್ಲಿ ಅನೇಕರು ವಿದ್ಯಾರ್ಥಿನಿಲಯಗಳಲ್ಲಿದ್ದು ಓದಿ ಬೆಳೆದವರು. ಈಗ ಮಕ್ಕಳು ಮೊಮ್ಮಕ್ಕಳ ಕೈಗೆ ಪುಸ್ತಕವಿಡುವ ಹಿರಿಯರು. ಮಕ್ಕಳಿಂದ ವೀರಕಥೆಗಳನ್ನು ಕಸಿದುಕೊಳ್ಳಬೇಕೆಂದು ಈ ಲೇಖಕನು ಹೇಳುತ್ತಿಲ್ಲ. ಧೈರ್ಯವು ಕಲಿಯಬೇಕಾದ ಗುಣವೇ. ಕ್ರಾಸ್ನೊದೊನಿನ ಮಕ್ಕಳಂತೆ ಆಯ್ಕೆಯೇ ಇಲ್ಲದ ಕಾಲವೂ ಬರುವುದುಂಟು. ಆದರೆ ಕಥೆಯನ್ನು ಮಗುವಿಗೆ ಕೊಡುವ ಮುನ್ನ ತಾವೊಮ್ಮೆ ಓದಿ ಕೆಲವು ಪ್ರಶ್ನೆಗಳನ್ನು ಕೇಳಿರಿ. ಈ ಬಾಲಕನನ್ನು ಕಾಳಗಕ್ಕೆ ಕಳುಹಿದವರು ಯಾರು? ಅವರು ಆಗ ಎಲ್ಲಿದ್ದರು? ಎದುರಾಳಿಗೂ ಒಬ್ಬ ತಾಯಿಯಿದ್ದಾಳೆಂಬ ನೆನಪು ಈ ಪುಸ್ತಕಕ್ಕೆ ಇದೆಯೇ? ಮರಳಿ ಬಂದವನು ರಾತ್ರಿ ನಿದ್ರಿಸಬಲ್ಲನೇ? ಇವುಗಳಲ್ಲಿ ಒಂದಕ್ಕೂ ಉತ್ತರ ಹೇಳದ ಪುಸ್ತಕವನ್ನು ಮಗು ಓದಿದರೆ ಬಾಧಕವಿಲ್ಲ. ಪಕ್ಕದಲ್ಲಿ ಕುಳಿತು ಆ ಉತ್ತರವನ್ನು ತಾವು ಹೇಳಿರಿ. ಡಿಕ್ ಹಾಲೆಂಡನ ಕಥೆಯನ್ನು ಓದಿದ ಬಾಲಕನಿಗೆ ಜೇಮ್ಸ್ ಸ್ಕರಿಯ ವೃತ್ತಾಂತವನ್ನು ಹೇಳಿರಿ.

ಶ್ರೀರಂಗಪಟ್ಟಣಕ್ಕೆ ಹೋದಾಗ ಕೋಟೆ, ಸೆರೆಮನೆ, ಫಿರಂಗಿಗಳನ್ನು ಮಕ್ಕಳಿಗೆ ತೋರಿಸುವುದು ವಾಡಿಕೆ. ಆ ಗೋಡೆಗಳ ನೆರಳಿನಲ್ಲಿ ತಾಯಿನುಡಿಯನ್ನೇ ಮರೆತ ಬಾಲಕನೊಬ್ಬನಿದ್ದನೆಂದೂ, ಅಲ್ಲಿಂದಲೇ ಇಬ್ಬರು ಎಳೆಯರು ತಂದೆಯ ಸಾಲಕ್ಕೆ ಒತ್ತೆಯಾಗಿ ಹೊರಟರೆಂದೂ ಜೊತೆಯಲ್ಲಿಯೇ ಹೇಳಿದರೆ, ಮಗುವಿಗೆ ಇತಿಹಾಸವೂ ತಿಳಿಯುತ್ತದೆ, ಕರುಣೆಯೂ ತಿಳಿಯುತ್ತದೆ. ನಮ್ಮ ಹಳೆಯ ಕವಿಗಳು ಚಕ್ರವ್ಯೂಹದ ಬಾಗಿಲಲ್ಲಿಯೇ ಕಥೆಯನ್ನು ನಿಲ್ಲಿಸಲಿಲ್ಲ. ಸುಭದ್ರೆಯ ಬಳಿಗೂ ನಮ್ಮನ್ನು ಕರೆದೊಯ್ದರು. ಮಕ್ಕಳಿಗೆ ಕಥೆ ಹೇಳುವ ನಾವೂ ಅಲ್ಲಿಯವರೆಗೆ ಹೋಗೋಣ.